ಕೊನೆಯ ನುಡಿಯಲ್ಲಿ ನನ್ನ ಹೆಸರು

ನಾನು ಹುಟ್ಟಿ ಬೆಳೆದ ಚಾಮರಾಜಪೇಟೆಯ ಮನೆಯಲ್ಲಿ ಪದ್ಮಾವತಿ ಎಂಬ ಹೆಸರಿನವರು ಇಬ್ಬರಿದ್ದರು. ಒಬ್ಬಳು ನಮ್ಮಜ್ಜಿ, ಇನ್ನೊಬ್ಬಳು ನಾನು. ಇಬ್ಬರನ್ನೂ ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಅಜ್ಜಿಯನ್ನು ಹೆಸರು ಹಿಡಿದು ಕರೆಯಬಲ್ಲವರೆಲ್ಲ ಆಗಲೇ ತೀರಿಕೊಂಡಿದ್ದರು. ನನ್ನನ್ನು ಹಾಗೆ ಕರೆಯಲು ಅಪ್ಪನಿಗೆ ಸಂಕೋಚ, ಏಕೆಂದರೆ ಅದು ಅವರ ತಾಯಿಯ ಹೆಸರು. ಹೆತ್ತ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ಏ ಪದ್ಮಾವತಿ, ಚಪ್ಪಲಿ ತಾರೇ ಎಂದು ಹೇಳುವುದಾದರೂ ಹೇಗೆ? ಅಮ್ಮನಿಗಂತೂ ಅದು ಅತ್ತೆಯ ಹೆಸರು. ಅತ್ತೆಯ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಎತ್ತಬಾರದು. ಗಂಡನ ಹೆಸರನ್ನಾದರೂ ಮದುವೆಯ ಮನೆಯಲ್ಲಿ ನಾಲ್ಕು ಜನ ಸೇರಿ ಒತ್ತಾಯ ಮಾಡಿ ಒಂದು ಸಲ ಹೇಳಿಸುತ್ತಾರೆ. ಅತ್ತೆಯ ಹೆಸರಿಗೆ ಆ ರಿಯಾಯಿತಿಯೂ ಇರಲಿಲ್ಲ. ಹಾಗಾಗಿ ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆದ ಹೆಸರು ಆ ಅಕ್ಕಿಯಲ್ಲೇ ಉಳಿಯಿತು, ನಾನು ಮನೆಮಂದಿಗೆಲ್ಲ ಪುಟ್ಟಿಯಾದೆ. ನಮ್ಮ ವಠಾರದಲ್ಲಿ ನನ್ನನ್ನು ಬಿಟ್ಟು ಇನ್ನೂ ಮೂವರು ಪುಟ್ಟಿಯರಿದ್ದರು.

ವಠಾರವೆಂದರೆ ಒಂದು ನೀಲಿ ಗೇಟು, ಅದರ ಒಳಗೆ ಎದುರುಬದುರು ಏಳು ಮನೆ, ನಡುವೆ ಒಂದು ಬಾವಿ. ನಮ್ಮದು ಸಾಲಿನ ಕೊನೆಯ ಮನೆ. ಹೊಸಿಲು ದಾಟಿದರೆ ನಡುಮನೆ, ಅದರಾಚೆ ಅಡುಗೆಮನೆ, ಅದರ ಹಿಂದೆ ಒರಳುಕಲ್ಲು ಹೂತಿದ್ದ ಒಂದು ಚೂರು ಹಿತ್ತಿಲು. ಮನೆ ಅಷ್ಟೇ. ನಡುಮನೆಯಲ್ಲಿ ಉಣ್ಣುವುದು, ಮಲಗುವುದು, ಜಗಳವಾಡುವುದು, ಬಂದವರಿಗೆ ಕಾಫಿ ಕೊಡುವುದು ಎಲ್ಲ ನಡೆಯುತ್ತಿತ್ತು. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಅಜ್ಜಿಯ ಮಣೆ. ಅಲ್ಲಿ ಕೂತರೆ ಒಲೆಯ ಮೇಲೇನಿದೆ, ಗೇಟಿನಲ್ಲಿ ಯಾರು ಬಂದರು ಎರಡೂ ಕಾಣುತ್ತಿತ್ತು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಅವಳು ಕುದಿಯುವ ವಾಸನೆಯಲ್ಲೇ ಹೇಳುತ್ತಿದ್ದಳು, ಮತ್ತು ಹೇಳದೆ ಬಿಡುತ್ತಿರಲಿಲ್ಲ. ಅಪ್ಪ ಕಾಟನ್‌ಪೇಟೆಯ ಕಡೆಯ ಒಂದು ಅಚ್ಚುಕೂಟದಲ್ಲಿ ಸೀಸದ ಅಕ್ಷರಗಳ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಉಲ್ಟಾ ಅಕ್ಷರಗಳನ್ನು ಓದಿ ಓದಿ ಅವರ ಕಣ್ಣಿಗೆ ಲೋಕದ ತಪ್ಪೆಲ್ಲ ಎದ್ದು ಕಾಣುತ್ತಿತ್ತು. ಹೋಟೆಲಿನ ಬೋರ್ಡಾಗಲಿ, ಬಂದ ಲಗ್ನಪತ್ರಿಕೆಯಾಗಲಿ, ಮೊದಲು ತಪ್ಪು ಹುಡುಕಿ ಆಮೇಲೆ ವಿಷಯ ಓದುವುದು ಅವರ ಪದ್ಧತಿ. ಅವರು ಮನೆಗೆ ಬಂದರೆ ಮಸಿಯ ಮತ್ತು ಸೀಮೆಎಣ್ಣೆಯ ವಾಸನೆ ಜೊತೆಯಲ್ಲಿ ಬರುತ್ತಿತ್ತು. ಇವತ್ತಿಗೂ ಆ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ಹಸಿವಾಗುತ್ತದೆ.

ಇಂಥ ಮನೆಯಲ್ಲಿ ನಾನು ಉಗ್ಗುತ್ತಿದ್ದೆ. ಉಗ್ಗುವುದೆಂದರೆ ಅಕ್ಷರವನ್ನು ಎರಡೆರಡು ಸಲ ಹೇಳುವುದು ಎಂದು ಉಗ್ಗದವರು ತಿಳಿದಿರುತ್ತಾರೆ. ನನ್ನದು ಹಾಗಿರಲಿಲ್ಲ. ತುಟಿ ಕೂಡಿಸಿ ಹೇಳುವ ಯಾವ ಮಾತೇ ಬರಲಿ, ಕೂಡಿದ ತುಟಿ ಮತ್ತೆ ಬಿಡಿಸಿಕೊಳ್ಳುತ್ತಿರಲಿಲ್ಲ. ಒಳಗೆ ಮಾತು ತಯಾರಾಗಿ ನಿಂತಿರುತ್ತಿತ್ತು, ಬಾಗಿಲಿಗೆ ಹೊರಗಿನಿಂದ ಚಿಲಕ. ಕಣ್ಣಲ್ಲಿ ನೀರು ಬರುವ ತನಕ ನಿಂತು, ಕೊನೆಗೆ ಆ ಮಾತನ್ನೇ ಕೈಬಿಟ್ಟು ಬೆರಳು ತೋರಿಸುತ್ತಿದ್ದೆ. ಎಲ್ಲಕ್ಕಿಂತ ಕಷ್ಟದ ಮಾತು ನನ್ನ ಹೆಸರೇ ಆಗಿತ್ತು. ಅಜ್ಜಿ ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ದಿನಾ ಬೆಳಿಗ್ಗೆ ನಾಲಿಗೆಗೆ ಹಚ್ಚುತ್ತಿದ್ದಳು. ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರದ ಹರಕೆಯನ್ನೂ ಹೊತ್ತಿದ್ದಳು. ಗಣಪತಿ ಇನ್ನೂ ಯೋಚನೆ ಮಾಡುತ್ತಿದ್ದ. ಐದು ತುಂಬಿದಾಗ ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಹೆಸರೇನು ಎಂದರು, ನನ್ನ ತುಟಿ ಕೂಡಿತು, ಕೂಡಿಯೇ ಇತ್ತು. ಮುಂದಿನ ವರ್ಷ ಕರೆದುಕೊಂಡು ಬನ್ನಿ ಎಂದು ಹೇಳಿ ಕಳುಹಿಸಿದರು. ಆ ಮುಂದಿನ ವರ್ಷದ ಬಗ್ಗೆ ಮನೆಯಲ್ಲಿ ದಿನಾ ಮಾತಾಗುತ್ತಿತ್ತು. ಇನ್ನೊಂದು ಸಲ ಹೀಗೇ ಆದರೆ ನಾಲ್ಕು ಜನರ ಮುಂದೆ ನಗೆಪಾಟಲಾಗುವುದು ಬೇಡ, ಮಗು ಮನೆಯಲ್ಲೇ ಇರಲಿ ಎಂದು ಅಜ್ಜಿ ತೀರ್ಮಾನ ಕೊಟ್ಟಿದ್ದಳು. ಅಜ್ಜಿ ಕೊಟ್ಟ ತೀರ್ಮಾನ ನಮ್ಮಲ್ಲಿ ಬದಲಾದದ್ದನ್ನು ನಾನು ಕಂಡಿರಲಿಲ್ಲ.

ಅಮ್ಮನ ಹೆಸರು ಶಾರದೆ. ಅವಳ ಆಸ್ತಿ ಎಂದರೆ ಒಂದು ಹಾಡಿನ ಪುಸ್ತಕ. ಅಚ್ಚುಕೂಟದಲ್ಲಿ ಅಂಚು ಕತ್ತರಿಸಿ ಉಳಿದ ಕಾಗದವನ್ನು ಅಪ್ಪ ಹೊಲಿದು ತಂದುಕೊಟ್ಟಿದ್ದರು. ಅದರಲ್ಲಿ ಅವಳು ತಾಯಿಯಿಂದ, ದೊಡ್ಡಮ್ಮನಿಂದ, ವಠಾರದ ಹೆಂಗಸರಿಂದ ಕೇಳಿ ಬರೆದುಕೊಂಡ ಹಾಡುಗಳು: ಹಸೆಗೆ ಕರೆಯುವ ಹಾಡು, ಎಣ್ಣೆ ಒತ್ತುವ ಹಾಡು, ಆರತಿ ಹಾಡು. ಆರತಿ ಹಾಡಿಗೆ ಎರಡು ನಿಯಮಗಳಿದ್ದವು. ಎತ್ತಿಕೊಂಡ ಹಾಡನ್ನು ನಡುವೆ ನಿಲ್ಲಿಸಬಾರದು, ಅದು ಅಶುಭ. ಇನ್ನೊಂದು, ಹಾಡು ಕಟ್ಟಿದವರ ಹೆಸರೋ ಅವರ ದೇವರ ಹೆಸರೋ ಯಾವಾಗಲೂ ಕೊನೆಯ ನುಡಿಯಲ್ಲೇ, ಎಂದರೆ ಕೊನೆಯ ಚರಣದಲ್ಲೇ, ಬರಬೇಕು. ಅಮ್ಮ ಓದಿದ್ದು ಏಳನೆಯ ಕ್ಲಾಸು. ಅವಳು ಹಾಡುಗಳನ್ನು ಬರೆದುಕೊಳ್ಳುತ್ತಿದ್ದಳೇ ಹೊರತು ತಾನೇ ಒಂದು ಸಾಲು ಕಟ್ಟಬಹುದು ಎಂದು ಅವಳಿಗಾಗಲಿ ನಮಗಾಗಲಿ ಅನಿಸಿರಲಿಲ್ಲ. ಶುಕ್ರವಾರ ದೇವರಿಗೆ ಆರತಿ ಎತ್ತುವಾಗ ನಾನೂ ಅವಳ ಸೆರಗು ಹಿಡಿದು ಹಾಡುತ್ತಿದ್ದೆ. ಹಾಡುವಾಗ ನನ್ನ ತುಟಿ ಎಲ್ಲೂ ತಡೆಯುತ್ತಿರಲಿಲ್ಲ. ಇದನ್ನು ಯಾರೂ ಗಮನಿಸಿರಲಿಲ್ಲ ಎಂದು ನಾನು ತಿಳಿದಿದ್ದೆ.

ಆ ವರ್ಷ ಗೌರಿಹಬ್ಬದ ಹಿಂದಿನ ದಿನ ಅಮ್ಮ ನನ್ನನ್ನು ಕರೆದುಕೊಂಡು ಗಾಂಧಿಬಜಾರಿಗೆ ಹೋದಳು. ಬಾಗಿನಕ್ಕೆ ಮೊರ, ಕರಿಮಣಿ, ಬಳೆಬಿಚ್ಚೋಲೆ ಆಗಬೇಕಿತ್ತು. ಹಬ್ಬದ ಮುನ್ನಾದಿನದ ಗಾಂಧಿಬಜಾರು ಹೇಗಿರುತ್ತದೆ ಎಂದು ಬಸವನಗುಡಿಯ ಕಡೆಯವರಿಗೆ ಹೇಳಬೇಕಾಗಿಲ್ಲ. ಬಾಳೆಕಂದಿನ ರಾಶಿ ಒಂದು ಕಡೆ, ಮಣ್ಣಿನ ಗೌರಿಯರ ಸಾಲು ಇನ್ನೊಂದು ಕಡೆ, ನಡುವೆ ಕಾಲಿಡಲು ಜಾಗವಿಲ್ಲ. ಅಮ್ಮ ಮೊರ ಆರಿಸಲು ಎರಡೂ ಕೈ ಚಾಚಿದಳು, ನಾನು ಯಾವುದೋ ಬಣ್ಣದ ಛತ್ರಿಯ ಹಿಂದೆ ನಾಲ್ಕು ಹೆಜ್ಜೆ ಹೋದೆ. ತಿರುಗಿ ನೋಡಿದರೆ ಎಲ್ಲಾ ಸೀರೆಗಳೂ ಅಪರಿಚಿತ. ಅಳುತ್ತಾ ನಿಂತವಳನ್ನು ಒಬ್ಬ ಹೂವಿನವಳು ಎಳೆದು ತನ್ನ ಗೋಣಿಯ ಮೇಲೆ ಕೂರಿಸಿಕೊಂಡಳು. ನಿನ್ನ ಹೆಸರೇನು ಕಂದಾ ಎಂದಳು. ಯಾರ ಮನೆ ಮಗು, ಯಾವ ಬೀದಿ ಎಂದಳು. ನಾನು ತುಟಿ ಕೂಡಿಸಿದೆ. ಜನ ಸುತ್ತ ಕೂಡಿದರು. ಒಬ್ಬೊಬ್ಬರೂ ಬಗ್ಗಿ ಹೆಸರು ಕೇಳಿದರು, ಕೇಳಿದಷ್ಟೂ ನನ್ನ ಬಾಯಿ ಬಿಗಿಯಿತು. ಯಾರೋ ಒಬ್ಬರು ಪಾಪ, ಮೂಗಿ ಕಣ್ರೀ ಎಂದರು. ಆ ಮಾತು ಕೇಳಿದ್ದೇ ನನ್ನ ಅಳುವೂ ನಿಂತುಹೋಯಿತು. ಹೂವಿನವಳು ಒಂದು ತುಂಡು ಕನಕಾಂಬರ ನನ್ನ ಜಡೆಗೆ ಸಿಕ್ಕಿಸಿ ಪುನಃ ಹೂ ಅಳೆಯತೊಡಗಿದಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಅಮ್ಮ ಬಂದಳು. ತುರುಬು ಬಿಚ್ಚಿಹೋಗಿತ್ತು, ಕೈಯಲ್ಲಿ ಮೊರ ಇರಲಿಲ್ಲ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ನನ್ನ ಮಣಿಕಟ್ಟನ್ನು ಹಿಡಿದಳು, ಅಷ್ಟೆ. ಹೂವಿನವಳು ಹೇಳಿದಳು:

"ಹೆಸರು ಕೇಳಿದ್ರೆ ಬಾಯೇ ಬಿಡ್ಲಿಲ್ಲ ಕಣಮ್ಮ. ಹೆಸರು, ಮನೆ ಎಲ್ಲಾ ಹೇಳ್ಕೊಡ್ಬಾರ್ದಾ ಮಗೂಗೆ?"

ಗಾಂಧಿಬಜಾರಿನಿಂದ ಚಾಮರಾಜಪೇಟೆಯವರೆಗೆ ನಡೆದೇ ಬಂದೆವು, ದಾರಿಯುದ್ದಕ್ಕೂ ಅವಳು ನನ್ನ ಮಣಿಕಟ್ಟು ಬಿಡಲಿಲ್ಲ. ಮೊರವಿಲ್ಲದೆ ಬಂದದ್ದಕ್ಕೆ ಅಜ್ಜಿ ಬೈದಳು, ಸಂಜೆ ಅಪ್ಪ ಹೋಗಿ ತಂದರು, ಹಬ್ಬ ಹೇಗೋ ಮುಗಿಯಿತು.

ಹಬ್ಬ ಕಳೆದ ಮೇಲೆ ಅಮ್ಮನಲ್ಲಿ ಏನೋ ಬದಲಾಯಿತು. ದೋಸೆಗೆ ರುಬ್ಬುತ್ತಾ ಗುಂಡು ತಿರುಗಿಸುತ್ತಿದ್ದವಳು ಸಟ್ಟನೆ ನಿಲ್ಲಿಸಿ, ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಏನೋ ಗುನುಗುತ್ತಿದ್ದಳು. ಒಂದು ದಿನ ಅಪ್ಪನನ್ನು, ನಮ್ಮ ಬೀದಿಯನ್ನು ಆರನೆ ಕ್ರಾಸು ಎಂದರೆ ಎಲ್ಲರಿಗೂ ತಿಳಿಯುತ್ತದೆಯೇ ಎಂದು ಕೇಳಿದಳು. ಇನ್ನೊಂದು ದಿನ ನನ್ನನ್ನು ತಿರುವಿನ ತನಕ ಕರೆದುಕೊಂಡು ಹೋಗಿ ಕಣ್ಣು ಮುಚ್ಚಿಸಿ, ಇಲ್ಲಿ ಏನು ಕೇಳುತ್ತದೆ ಎಂದಳು. ಹಿಟ್ಟಿನ ಗಿರಣಿಯ ಸದ್ದು ಕೇಳುತ್ತಿತ್ತು. ನಾನು ಅದರ ಕಡೆ ಬೆರಳು ತೋರಿಸಿದೆ. ಅವಳು ಬಹಳ ದೊಡ್ಡ ವಿಷಯ ತಿಳಿದವಳಂತೆ ತಲೆ ಆಡಿಸಿದಳು. ಮಧ್ಯಾಹ್ನ ಅಜ್ಜಿ ಒರಗಿದಾಗ ಅಪ್ಪ ತಂದ ಪ್ರೂಫ್ ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು, ಬೆರಳು ಮಡಿಚಿ ಎಣಿಸುತ್ತಿದ್ದಳು, ಒರೆಸುತ್ತಿದ್ದಳು. ದಿನಸಿ ಚೀಟಿಗೆ ಇಷ್ಟು ಯೋಚನೆ ಯಾಕೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ನನಗೆ ಆರು ತುಂಬಿದ ದಿನ ಬೆಳಿಗ್ಗೆ ಎಣ್ಣೆ ನೀರು ಹಾಕಿ, ಹೊಸ ಲಂಗ ಉಡಿಸಿ, ನಡುಮನೆಯಲ್ಲಿ ರಂಗೋಲಿ ಬರೆದು ಮಣೆಯ ಮೇಲೆ ಕೂರಿಸಿದರು. ವಠಾರದ ಹೆಂಗಸರೆಲ್ಲ ಬಂದಿದ್ದರು. ಅಜ್ಜಿ ಮಾತ್ರ ಅಡುಗೆಮನೆಯ ಬಾಗಿಲಿನ ಒಳಗಡೆ ಕೂತಿದ್ದಳು. ಗಂಡನನ್ನು ಕಳೆದುಕೊಂಡವಳು ಆರತಿಯ ಹೊತ್ತಿನಲ್ಲಿ ಎದುರಿಗೆ ಬರಬಾರದು ಎಂಬುದು ಅವಳು ತನಗೆ ತಾನೇ ವಿಧಿಸಿಕೊಂಡ ಕಟ್ಟಳೆ. ಎಷ್ಟೇ ಹೇಳಿದರೂ ಹೊಸಿಲು ದಾಟುತ್ತಿರಲಿಲ್ಲ. ಹಾಡುವುದು ಯಾವಾಗಲೂ ಮೂರನೆ ಮನೆಯ ಸರೋಜಮ್ಮನವರು. ಅವರ ಗಂಟಲು ನೀಲಿ ಗೇಟಿನ ಆಚೆಗೂ ಕೇಳುತ್ತಿತ್ತು. ಅವರು ಇನ್ನೇನು ಶುರುಮಾಡಬೇಕು, ಅಷ್ಟರಲ್ಲಿ ಅಮ್ಮ ಕೆಂಪು ನೀರಿನ ಆರತಿ ತಟ್ಟೆ ಹಿಡಿದು, ಇವತ್ತು ನಾನೇ ಹಾಡುತ್ತೇನೆ ಎಂದಳು. ಎಲ್ಲರಿಗೂ ಗೊತ್ತಿದ್ದ ಹಳೆಯ ಆರತಿ ಧಾಟಿಯಲ್ಲಿ ಹಾಡು ಎತ್ತಿಕೊಂಡಳು. ಮಾತು ಮಾತ್ರ ಯಾರೂ ಕೇಳಿದ್ದಲ್ಲ.

ಯಾರ ಮನೆಯ ಮಗಳೆಂದು ಕೇಳಿದಿರಾ
ನಿಲ್ಲಿ, ಹೇಳುವೆನು ಸಾವಧಾನ
ಊರಿಗೆ ಹಳೆಯದು ಚಾಮರಾಜಪೇಟೆ
ನಾಲ್ಕನೆ ಮೇನ್‌ರೋಡು ನಮ್ಮ ಠಾಣ

ಹಿಟ್ಟಿನ ಗಿರಣಿಯ ಸದ್ದನು ಕೇಳುತ
ಎಡಕೆ ತಿರುಗಿದರೆ ಆರನೆ ಕ್ರಾಸು
ಕಟ್ಟೆಯ ಅರಳಿಗೆ ಕೈಮುಗಿದು ನಡೆದರೆ
ಪಕ್ಕದಂಗಡಿಯಲಿ ಸೋಡಾ ಗ್ಲಾಸು

ಆರತಿ ಹಾಡಿನಲ್ಲಿ ಮೇನ್‌ರೋಡು ಬಂದದ್ದಕ್ಕೆ ಹೆಂಗಸರು ಮುಖ ಮುಖ ನೋಡಿಕೊಂಡರು, ಸೋಡಾ ಗ್ಲಾಸಿಗೆ ಸರೋಜಮ್ಮನವರು ಸೆರಗು ಬಾಯಿಗೆ ಹಿಡಿದರು. ನನಗೆ ನಗು ಬರಲಿಲ್ಲ. ನಾನು ದಿನಾ ನೋಡುವ ಗಿರಣಿ, ಅರಳಿಕಟ್ಟೆ, ಸೋಡಾ ಅಂಗಡಿ ಒಂದೊಂದಾಗಿ ಹಾಡಿನೊಳಗೆ ಬಂದು ನಿಲ್ಲುತ್ತಿದ್ದವು. ದೇವಾನುದೇವತೆಗಳು ಓಡಾಡುವ ಜಾಗಕ್ಕೆ ನಮ್ಮ ಬೀದಿ ಬಂದುಬಿಟ್ಟಿದೆ ಎಂದು ನಾನು ಬೆಕ್ಕಸ ಬೆರಗಾಗಿ ಕೂತಿದ್ದೆ. ಮೂರನೆ ನುಡಿಗೆ ನೀಲಿ ಗೇಟು ಬಂತು, ಬಾವಿಕಟ್ಟೆ ಬಂತು, ನಮ್ಮ ಹೊಸಿಲು ಬಂತು. ನಾಲ್ಕನೆಯದಕ್ಕೆ ಯಾರೂ ನಗಲಿಲ್ಲ.

ಅಚ್ಚಿನ ಮನೆಯಲಿ ಅಕ್ಷರ ಜೋಡಿಸಿ
ಹೊತ್ತಿಗೆ ಬರುವರು ನಮ್ಮ ತಂದೆ
ಹಚ್ಚಿದ ದೀಪದ ಬೆಳಕಲಿ ಕಾಯುವ
ಅಮ್ಮನ ಬಳಿಗೆನ್ನ ತಲುಪಿಸಿರೆಂದೆ

ಇಲ್ಲಿಗೆ ಅಮ್ಮನ ಸ್ವರ ಸಣ್ಣದಾಯಿತು. ಅವಳು ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿ, ಕಣ್ಣು ಮುಚ್ಚಿಕೊಂಡು ಐದನೆಯ ನುಡಿ ಹಾಡಿದಳು.

ಸುಮ್ಮನೆ ನಿಂತು ನೀವಿಷ್ಟನು ಕೇಳಿದಿರಿ
ನಿಮ್ಮಯ ತಾಳ್ಮೆಗೆ ಕೈಮುಗಿವೆ
ಅಮ್ಮನ ಅತ್ತೆಯ ಹೆಸರನು ಹೊತ್ತಿಹ
ಪದ್ಮಾವತಿ ನಾನು, ಮನೆಗೆ ನಡೆವೆ

ಅಮ್ಮನ ಬಾಯಲ್ಲಿ ನನ್ನ ಹೆಸರನ್ನು ಕೇಳಿದ್ದು ಅದೇ ಮೊದಲು. ಅದು ಇಷ್ಟು ಚೆನ್ನಾಗಿರುವ ಹೆಸರೆಂದು ನನಗೆ ಗೊತ್ತಿರಲಿಲ್ಲ. ಸೊಸೆಯೊಬ್ಬಳು ಹತ್ತು ಜನರ ಮುಂದೆ, ಅತ್ತೆ ಹತ್ತಡಿ ದೂರದಲ್ಲಿ ಕೂತಿರುವಾಗ ಅತ್ತೆಯ ಹೆಸರು ಹೇಳಿದ್ದಳು. ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲಿಗೆ ತಿರುಗಿತು. ಒಳಗಿನಿಂದ ಅಜ್ಜಿಯ ಸ್ವರ ಬಂತು:

"ಇನ್ನೊಂದ್ಸಲ ಹಾಡು ಶಾರದಾ. ಮೊದ್ಲಿಂದ."

ಅಮ್ಮ ಮೊದಲಿನಿಂದ ಹಾಡಿದಳು. ಎರಡನೆಯ ಸಲ ನಾನೂ ಅವಳ ಜೊತೆ ಸೇರಿದೆ. ಗಿರಣಿ ದಾಟಿ, ಅರಳಿಕಟ್ಟೆ ದಾಟಿ, ನೀಲಿ ಗೇಟು ತೆರೆದು, ನಮ್ಮ ಹೊಸಿಲಿಗೆ ಬಂದು, ಧಾಟಿ ಎಳೆದುಕೊಂಡು ಹೋದ ಕಡೆ ಹೋಗುತ್ತಾ ಹೋಗುತ್ತಾ ನನ್ನ ಹೆಸರು ಬಂತು, ನನ್ನ ತುಟಿ ಕೂಡಿತು, ಬಿಡಿಸಿಕೊಂಡಿತು. ಹೇಳಿಬಿಟ್ಟೆ ಎಂದು ತಿಳಿಯುವುದರೊಳಗೆ ಹೇಳಿ ಆಗಿತ್ತು. ನಾನು ಹೆದರಿ ಅಮ್ಮನ ಮುಖ ನೋಡಿದೆ. ಅಷ್ಟರಲ್ಲಿ ಅಜ್ಜಿ ಎದ್ದಿದ್ದಳು. ಆರತಿಯ ಹೊತ್ತಿಗೆ ಎಂದೂ ದಾಟದ ಹೊಸಿಲನ್ನು ದಾಟಿ ಬಂದು ನನ್ನ ತಲೆಯ ಮೇಲೆ ಅಕ್ಷತೆ ಹಾಕಿದಳು, ಉಳಿದ ಅಕ್ಷತೆಯನ್ನು ಅಮ್ಮನ ತಲೆಯ ಮೇಲೆ ಹಾಕಿದಳು, ಏನೂ ಆಗಿಲ್ಲವೆಂಬಂತೆ ಪಾಯಸ ತಳ ಹಿಡಿಯುತ್ತದೆ ಎಂದು ಒಳಗೆ ಹೋದಳು. ಎಷ್ಟೋ ವರ್ಷಗಳಿಂದ ತನ್ನ ಹೆಸರನ್ನು ಯಾರ ಬಾಯಲ್ಲೂ ಕೇಳದಿದ್ದ ಹೆಂಗಸು ಅವಳು. ಮೊದಲಿನಿಂದ ಹಾಡು ಎಂದು ಯಾಕೆ ಹೇಳಿದಳೆಂಬುದು ನನಗೆ ತಿಳಿದದ್ದು ನನ್ನ ತಲೆಯೂ ನೆರೆತ ಮೇಲೆ.

ಸಂಜೆ ಅಪ್ಪ ಬಂದರು, ಹಾಡು ಕೇಳಿದರು, ಕಣ್ಣೊರೆಸಿಕೊಂಡರು, ತಪ್ಪು ಹುಡುಕಿದರು. ಅವರಿಗೆ ಸಿಕ್ಕ ತಪ್ಪು ಇದು: ಹೆಸರು ಮೊದಲನೆ ಸಾಲಿನಲ್ಲಿ ಇರಬೇಕಿತ್ತು. ಕಳೆದುಹೋದ ಮಗುವಿನ ಹೆಸರು ತಿಳಿಯಲು ಪೊಲೀಸಿನವನು ಐದು ನುಡಿ ಕೇಳುತ್ತಾ ನಿಂತಿರುತ್ತಾನೆಯೇ? ಶಾಲೆಯವರು ನಿಲ್ಲುತ್ತಾರೆಯೇ? ಅಭ್ಯಾಸಬಲದಿಂದ ದಾಸರ ಹಾಡಿನ ಹಾಗೆ ಹೆಸರನ್ನು ಕೊನೆಗೆ ಹಾಕಿದ್ದಾಳೆ, ಐದನೆ ನುಡಿಯನ್ನು ಎತ್ತಿ ಮೊದಲಿಗೆ ಇಟ್ಟರೆ ಎಲ್ಲಾ ಸರಿಹೋಗುತ್ತದೆ ಎಂದರು. ಅಮ್ಮ ಒಪ್ಪಲಿಲ್ಲ. ಅಂಥ ವಿಷಯಕ್ಕೆ ಅವಳು ಹಟ ಮಾಡಿದ್ದನ್ನು ನಾನು ನೋಡಿರಲಿಲ್ಲ. ತಟ್ಟೆಯ ಅನ್ನ ಆರುತ್ತಿದ್ದರೂ ಬಡಿಸುವ ಸೌಟು ಹಿಡಿದು ನಿಂತೇ ಇದ್ದಳು.

"ಹಾಡಿನ ಕ್ರಮ ಹಾಗೇ ರೀ. ಹೆಸರು ಕೊನೇಗೇ ಬರೋದು. ಅದನ್ನ ಮುಟ್ಬೇಡಿ."

ಅಪ್ಪ ಮುಟ್ಟಲಿಲ್ಲ. ಬರೆದವರು ಕೊಟ್ಟ ಹಾಗೆ ಜೋಡಿಸುವುದು ತಮ್ಮ ಕಸುಬಿನ ಧರ್ಮ ಎಂದು ಗೊಣಗಿಕೊಂಡು, ಮರುವಾರ ಅಚ್ಚುಕೂಟದಲ್ಲಿ ಬಿಡುವಾದಾಗ ತಾವೇ ಮೊಳೆ ಜೋಡಿಸಿ, ಮದುವೆ ಕಾಗದಕ್ಕೆ ತಂದು ಮಿಕ್ಕಿದ್ದ ದಪ್ಪ ಕಾರ್ಡುಗಳ ಮೇಲೆ ಹಾಡನ್ನು ಅಚ್ಚು ಹಾಕಿ ತಂದರು. ಮೇಲ್ಗಡೆ ಗಣಪತಿಯ ಬ್ಲಾಕು, ನಾಲ್ಕೂ ಮೂಲೆಗೆ ಅರಿಸಿನ. ಹಾಡಿನ ಕೆಳಗೆ ಅಮ್ಮನ ಹೆಸರನ್ನು ಸಣ್ಣಕ್ಷರದಲ್ಲಿ ಹಾಕಿದ್ದರು. ಆ ಕಾರ್ಡನ್ನು ಅಮ್ಮ ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಳು. ಆದರೂ ಅಪ್ಪ ಇರುವ ತನಕ ನಮ್ಮ ಮನೆಯಲ್ಲಿ ಯಾರಾದರೂ ಹೇಳಬೇಕಾದ್ದನ್ನು ಕೊನೆಗೆ ಹೇಳಿದರೆ ಅದು ಶಾರದೆಯ ತಪ್ಪು ಎಂದೇ ಹೆಸರಾಗಿತ್ತು.

ಜೂನ್ ಬಂತು. ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ಅಪ್ಪ ಅಮ್ಮ ಇಬ್ಬರೂ ನನ್ನನ್ನು ಬಸವನಗುಡಿಯ ಬೇರೊಂದು ಶಾಲೆಗೆ ಕರೆದುಕೊಂಡು ಹೋದರು. ಮನೆಯಿಂದ ಹೊರಡುವಾಗ ಅಜ್ಜಿ ಬಜೆಯನ್ನೂ ಹಚ್ಚಲಿಲ್ಲ, ಗಣಪತಿಯನ್ನೂ ನೆನೆಯಲಿಲ್ಲ. ಹಾಡು ನೆನಪಿದೆಯಾ ಎಂದು ಮಾತ್ರ ಕೇಳಿದಳು. ಮುಖ್ಯೋಪಾಧ್ಯಾಯಿನಿ ಎತ್ತರದ ಹೆಂಗಸು, ದಪ್ಪ ಕನ್ನಡಕ. ಎದುರಿಗೆ ಅರ್ಜಿಯ ಹಾಳೆ ಇಟ್ಟುಕೊಂಡು ಪೆನ್ನು ತೆಗೆದು, ನಿನ್ನ ಹೆಸರೇನಮ್ಮ ಎಂದರು. ನನ್ನ ತುಟಿ ಕೂಡಿತು. ಅಪ್ಪ ನನ್ನ ಬದಲು ಹೇಳಲು ಬಾಯಿ ತೆರೆದರು. ಮಗುವೇ ಹೇಳಲಿ ಎಂದು ಆಕೆ ತಡೆದರು. ಅಮ್ಮ ನನ್ನ ಬೆನ್ನ ಮೇಲೆ ಬೆರಳಿನಿಂದ ತಾಳ ತಟ್ಟತೊಡಗಿದಳು. ನಾನು ನೆಲ ನೋಡುತ್ತಾ ಎತ್ತಿಕೊಂಡೆ, ಯಾರ ಮನೆಯ ಮಗಳೆಂದು ಕೇಳಿದಿರಾ.

ಪಕ್ಕದ ಮೇಜಿನ ಗುಮಾಸ್ತರು ಕಿಸಕ್ಕೆಂದರು. ಮುಖ್ಯೋಪಾಧ್ಯಾಯಿನಿ ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು. ನಿಲ್ಲಿ ಹೇಳುವೆನು ಸಾವಧಾನ ಎಂದಾಗ ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದರು. ಆಮೇಲೆ ನನಗೆ ಕಂಡದ್ದು ಅವರ ಪೆನ್ನು ಮಾತ್ರ. ನಾಲ್ಕನೆ ಮೇನ್‌ರೋಡಿಗೆ ಅದು ಹಾಳೆಯ ಮೇಲೆ ಓಡಿತು, ಆರನೆ ಕ್ರಾಸಿಗೆ ಮತ್ತೆ ಓಡಿತು, ಅಚ್ಚಿನ ಮನೆಗೆ ಇನ್ನೊಂದು ಕಡೆ ಏನೋ ಬರೆಯಿತು. ಎತ್ತಿಕೊಂಡ ಹಾಡನ್ನು ನಡುವೆ ಬಿಡಬಾರದೆಂದು ನಾನು ನಿಲ್ಲಿಸದೆ ಹಾಡಿದೆ. ಐದನೆಯ ನುಡಿಗೆ ಬಂದಾಗ ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ಪದ್ಮಾವತಿ ನಾನು ಎಂದೆ. ಆಕೆ ಹಾಳೆಯ ಮೇಲ್ತುದಿಗೆ ಹೋಗಿ, ಖಾಲಿ ಉಳಿದಿದ್ದ ಮೊದಲನೆ ಸಾಲನ್ನು ತುಂಬಿದರು.

"ವಿಳಾಸಾನೂ ಆಯ್ತು, ತಂದೆ ಕೆಲ್ಸಾನೂ ಆಯ್ತು. ಸೋಮವಾರದಿಂದ ಬಾ ಪದ್ಮಾವತಿ."

ಉಗ್ಗು ಪೂರ್ತಿ ಹೋಯಿತು ಎಂದೇನೂ ನಾನು ಹೇಳುವುದಿಲ್ಲ. ಹಾಡು ಸಣ್ಣದಾಗುತ್ತಾ ಬಂತು, ಅಷ್ಟೆ. ಎರಡನೆ ಕ್ಲಾಸಿಗೆ ಕೊನೆಯ ನುಡಿ ಸಾಕಾಯಿತು, ಹೈಸ್ಕೂಲಿಗೆ ಕೊನೆಯ ಸಾಲು. ಕಾಲೇಜಿಗೆ ಹೋಗುವ ಹೊತ್ತಿಗೆ ಅದನ್ನೂ ಮನಸ್ಸಿನಲ್ಲೇ ಹಾಡಿಕೊಂಡು ಹೆಸರು ಮಾತ್ರ ಹೊರಗೆ ಹೇಳುತ್ತಿದ್ದೆ. ಮುಂದೆ ಒಂದು ಆಸ್ಪತ್ರೆಯಲ್ಲಿ ಹೊರರೋಗಿಗಳ ಚೀಟಿ ಬರೆಯುವ ಕಿಟಕಿಯಲ್ಲಿ ಕೂತು, ಕೆಲಸದಿಂದ ನಿವೃತ್ತಳಾಗುವ ತನಕ ಬಂದವರನ್ನೆಲ್ಲ ಹೆಸರು ಕೇಳಿದೆ. ತಡವರಿಸುವವರ ಮುಂದೆ ಪೆನ್ನು ಎತ್ತಿ ಹಿಡಿದು ಕಾಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ಇವತ್ತಿಗೂ ಫೋನಿನಲ್ಲಿ ಯಾರಾದರೂ ಯಾರು ಮಾತಾಡುವುದು ಎಂದರೆ ಒಳಗೆ ಒಂದು ಗಿರಣಿ ಸದ್ದು ಮಾಡುತ್ತದೆ.

ಆ ಗಿರಣಿ ಈಗಿಲ್ಲ. ನೀಲಿ ಗೇಟೂ ಇಲ್ಲ, ಅಲ್ಲಿ ನಾಲ್ಕಂತಸ್ತಿನ ಫ್ಲ್ಯಾಟುಗಳಾಗಿವೆ. ಅಪ್ಪ, ಅಜ್ಜಿ ಇಬ್ಬರೂ ಫೋಟೋದಲ್ಲಿದ್ದಾರೆ. ಅಮ್ಮ ನನ್ನ ಜೊತೆ ಬಸವನಗುಡಿಯಲ್ಲಿದ್ದಾಳೆ. ಎಂಬತ್ತು ದಾಟಿದ್ದರೂ ಮೆಟ್ರೋ ಹತ್ತಿ ಮಲ್ಲೇಶ್ವರದಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿಬರುತ್ತಾಳೆ. ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಅವಳು ಏನೋ ಸುದ್ದಿಯನ್ನು ಸುತ್ತಿ ಬಳಸಿ ಹೇಳಿ, ಮುಖ್ಯ ವಿಷಯವನ್ನು ಕೊನೆಗೆ ಹೇಳಿದಳು. ನಾನು ಅಪ್ಪನ ಹಾಗೆ ದನಿ ಮಾಡಿ, ಶಾರದೆಯ ತಪ್ಪು ಎಂದು ನಕ್ಕೆ. ಅವಳು ನಗಲಿಲ್ಲ.

"ಅದು ತಪ್ಪಲ್ಲ ಕಣೆ. ಆವತ್ತು ಗಾಂಧಿಬಜಾರಲ್ಲಿ ಪುಟ್ಟಿ ಪುಟ್ಟಿ ಅಂತ ಕೂಗ್ತಾ ಓಡಾಡ್ದೆ. ಬೀದೀಲಿರೋ ಹೆಣ್ಮಕ್ಳೆಲ್ಲ ತಿರುಗಿ ನೋಡ್ತಾವೆ. ಬಾಳೆಕಂದು ಮಾರೋನೊಬ್ಬ, ನಾನು ಕೂಗ್ತೀನಿ, ಮಗು ಹೆಸ್ರು ಹೇಳಿ ಅಂದ. ಬಾಯಿ ತೆಗ್ದೆ, ಬರ್ಲಿಲ್ಲ. ನಮ್ಮತ್ತೆ ಹೆಸ್ರು ಅಂದೆ. ನಿಮ್ಮತ್ತೆ ಹೆಸ್ರೇನಮ್ಮ ಅಂದ."

ನನಗೆ ನಗು ಬಂತು. ಅವಳ ಮುಖ ನೋಡಿ ನಿಲ್ಲಿಸಿದೆ. ಬುಟ್ಟಿಯಲ್ಲಿ ಕೈ ಹಾಗೆಯೇ ಇಟ್ಟುಕೊಂಡಿದ್ದಳು. ನಾನು ಹೂವಿನವಳ ಗೋಣಿಯ ಮೇಲೆ ತುಟಿ ಬಿಗಿದು ಕೂತಿದ್ದಾಗ, ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಅದೇ ಹೆಸರಿಗೆ ಅಮ್ಮನ ಬಾಯಿಯೂ ಕಟ್ಟಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿ ಎದ್ದಿದ್ದೇನೆ, ನನಗೆ ಇದು ಗೊತ್ತಿರಲಿಲ್ಲ.

"ಹೆತ್ತ ಮಗು ಕಳ್ದೋದ್ರೂ ಹೆಸ್ರು ಬರ್ಲಿಲ್ಲ. ಹೇಳ್ಕೊಡ್ಬಾರ್ದಾ ಅಂದ್ಲು ಹೂವಿನೋಳು. ಯಾವ ಬಾಯಲ್ಲಿ ಹೇಳ್ಕೊಡ್ಲಿ? ಮೊದ್ಲ ಸಾಲಲ್ಲಿ ಇಟ್ಟಿದ್ರೆ ನಿಂಗೂ ಬರ್ತಿರ್ಲಿಲ್ಲ, ನಂಗೂ ಬರ್ತಿರ್ಲಿಲ್ಲ. ಅಲ್ಲಿಗೆ ಹೋಗಕ್ಕೆ ನಂಗೂ ನಾಲ್ಕು ನುಡಿ ಬೇಕಿತ್ತು ಪುಟ್ಟಿ."

ನಾನು ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದೆ. ಆಮೇಲೆ ಒಂದು ಸಲ ನನ್ನನ್ನು ಹೆಸರು ಹಿಡಿದು ಕರೆಯಮ್ಮ ಎಂದು ಕೇಳಿಕೊಂಡೆ. ಅಜ್ಜಿ ಹೋಗಿ ಮೂವತ್ತು ವರ್ಷವಾಯಿತು, ಇನ್ನು ಯಾರ ಭಯ ಎಂದೆ. ಅಮ್ಮ ಗೋಡೆಯ ಮೇಲಿದ್ದ ಅಜ್ಜಿಯ ಫೋಟೋ ನೋಡಿದಳು. ತುಟಿ ಕೂಡಿಸಿದಳು. ಅದು ಬಿಡಿಸಿಕೊಳ್ಳಲಿಲ್ಲ. ಸೋತವಳ ಹಾಗೆ ಸಣ್ಣಗೆ ನಕ್ಕು, ಸೆರಗಿನಿಂದ ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ಮೊದಲಿನಿಂದ ಎತ್ತಿಕೊಂಡಳು, ಯಾರ ಮನೆಯ ಮಗಳೆಂದು ಕೇಳಿದಿರಾ. ನಾನು ಅವರೆಕಾಯಿ ಬದಿಗಿಟ್ಟು ಕಾದೆ.